ಹೂರಣ ತುಂಬಿದ ಮಟನ್: ನಂಬಿಕೆ ಏನು, ನಿಜ ಏನು?

ಮೂಳೆ ಬಿಡಿಸಿದ ಇಡೀ ಮಟನ್ ತುಂಡಿನೊಳಗೆ ಕೈಮಾ ಹೂರಣ ತುಂಬಿ, ನೂಲಿನ ದಾರದಿಂದ ಬಿಗಿದು, ದಪ್ಪ ತಳದ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯಿಸುವ ಅಡುಗೆ ದಿನನಿತ್ಯದ್ದಲ್ಲ. ಹಬ್ಬಕ್ಕೋ, ಮನೆಮಂದಿಯೆಲ್ಲ ಸೇರುವ ಭಾನುವಾರಕ್ಕೋ ಮಾಡುವಂಥದ್ದು. ಮಾಂಸದ ಬೆಲೆ, ಅರ್ಧ ದಿನದ ಶ್ರಮ, ಎಲ್ಲಕ್ಕಿಂತ ಹೆಚ್ಚಾಗಿ ಒಂದು ಜೀವ ಅದರಲ್ಲಿದೆ. ಅಷ್ಟಾದ ಮೇಲೂ ತಟ್ಟೆಗೆ ಬಂದದ್ದು ನಾರುನಾರಾಗಿದ್ದರೆ ನಾವು ಮಟನ್ ಅಂಗಡಿಯವರನ್ನೋ ಮಸಾಲೆಯನ್ನೋ ದೂರುತ್ತೇವೆ. ಎಷ್ಟೋ ಸಲ ಅಡುಗೆ ಕೆಡಿಸುವುದು ಬಾಯಿಂದ ಬಾಯಿಗೆ ಬಂದ ನಂಬಿಕೆಗಳು.

ನಂಬಿಕೆ 1: ಇದಕ್ಕೆ ಹಿಂದೊಡೆಯ ಮಾಂಸವೇ ಶ್ರೇಷ್ಠ.

ಸತ್ಯ: ನಿಧಾನ ಬೇಯಿಸುವ ಅಡುಗೆಗೆ ಮುಂಗಾಲಿನ ಮೇಲ್ಭಾಗ, ಅಂದರೆ ಭುಜ, ಹೆಚ್ಚು ಒಗ್ಗುತ್ತದೆ. ಸದಾ ದುಡಿಯುವ ಈ ಭಾಗದಲ್ಲಿ ಸ್ನಾಯುಗಳನ್ನು ಹಿಡಿದಿಡುವ ಕೊಲಾಜನ್ ಎಂಬ ಬಿಗಿ ಪ್ರೋಟೀನ್ ಜಾಸ್ತಿ, ನಡುನಡುವೆ ಕೊಬ್ಬೂ ಇರುತ್ತದೆ. ಈ ಕೊಲಾಜನ್ನೇ ಮುಂದೆ ಕರಗಿ ಜೆಲಾಟಿನ್ ಆಗಿ ಮಾಂಸಕ್ಕೆ ಮೃದುತ್ವವನ್ನೂ ರಸಕ್ಕೆ ಅಂಟಂಟಾದ ದಪ್ಪವನ್ನೂ ಕೊಡುತ್ತದೆ. ತೊಡೆಯನ್ನೂ ಬಳಸಬಹುದು, ಆದರೆ ಅದರಲ್ಲಿ ಕೊಬ್ಬು ಕಡಿಮೆ, ಬೇಗ ಒಣಗುತ್ತದೆ. ಆಗ ಹೂರಣದ ಕೈಮಾಕ್ಕೆ ಸ್ವಲ್ಪ ಕೊಬ್ಬು ಸೇರಿಸಿಕೊಳ್ಳಿ.

ನಂಬಿಕೆ 2: ಆಗಷ್ಟೇ ಕೊಯ್ದ ಮಾಂಸವೇ ಮೆತ್ತಗಿರುತ್ತದೆ.

ಸತ್ಯ: ಕೊಯ್ದ ಕೆಲವೇ ಗಂಟೆಗಳಲ್ಲಿ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಆ ಹೊತ್ತಿನಲ್ಲಿ ಒಲೆಗಿಟ್ಟ ಮಾಂಸ ಬಿರುಸಾಗುತ್ತದೆ. ತಣ್ಣಗಿನ ಜಾಗದಲ್ಲಿ ಒಂದು ದಿನ ಇಟ್ಟರೆ ಮಾಂಸದಲ್ಲೇ ಇರುವ ಕಿಣ್ವಗಳು ಆ ಬಿಗಿತವನ್ನು ಸಡಿಲಿಸುತ್ತವೆ. ಭಾನುವಾರದ ಊಟಕ್ಕೆ ಶನಿವಾರವೇ ತಂದು ಮುಚ್ಚಿ ಫ್ರಿಜ್‌ನಲ್ಲಿಡುವುದು ಜಾಣತನ. ಬಿಸಿ ಮಾಂಸವನ್ನು ನೇರವಾಗಿ ಫ್ರೀಜರಿಗೆ ಮಾತ್ರ ತುರುಕಬೇಡಿ. ಸೆಟೆಯುವ ಮೊದಲೇ ಹೆಪ್ಪುಗಟ್ಟಿದ ಮಾಂಸ ಕರಗುವಾಗ ಇನ್ನಷ್ಟು ಮುದುಡಿ ಗಟ್ಟಿಯಾಗುತ್ತದೆ.

ನಂಬಿಕೆ 3: ರಾತ್ರಿಯಿಡೀ ನೆನೆಸಿದರೆ ಮಸಾಲೆ ಒಳಗಿನವರೆಗೂ ಇಳಿಯುತ್ತದೆ.

ಸತ್ಯ: ಚೆನ್ನಾಗಿ ಒಳಗಿಳಿಯುವುದು ಉಪ್ಪು ಮಾತ್ರ, ಅದೂ ನಿಧಾನವಾಗಿ. ಅರಿಸಿನ, ಗರಂ ಮಸಾಲೆ, ಬೆಳ್ಳುಳ್ಳಿಯ ಪರಿಮಳ ಮೇಲಿನ ಕೆಲವು ಮಿಲಿಮೀಟರ್‌ಗಳಲ್ಲೇ ನಿಲ್ಲುತ್ತದೆ. ಮಾಂಸ ಮೆತ್ತಗಾಗಲೆಂದು ಹಚ್ಚುವ ಪರಂಗಿಕಾಯಿಯ ಪಪೈನ್ ಎಂಬ ಕಿಣ್ವ ಕೂಡ ಮೇಲ್ಮೈಯಲ್ಲೇ ಕೆಲಸ ಮಾಡುತ್ತದೆ. ಹೆಚ್ಚಾದರೆ ಹೊರಪದರ ಹಿಟ್ಟಿನಂತಾಗಿ ಒಳಗೆ ಹಾಗೇ ಉಳಿಯುತ್ತದೆ. ದಪ್ಪ ತುಂಡಿನ ನಡುವಿಗೆ ರುಚಿ ಮುಟ್ಟಿಸಲೆಂದೇ ಹೂರಣ ತುಂಬುವುದು. ಆದ್ದರಿಂದ ಹಿಂದಿನ ದಿನ ಮಾಂಸಕ್ಕೆ ಒಳಗೂ ಹೊರಗೂ ಉಪ್ಪು ಸವರಿ ಇಡಿ. ಉಪ್ಪು ಮಾಂಸವನ್ನು ಗಟ್ಟಿ ಮಾಡುತ್ತದೆ ಎಂಬುದೂ ಸುಳ್ಳು; ಬೇಯುವಾಗ ನೀರು ಹಿಡಿದಿಡಲು ಅದು ನೆರವಾಗುತ್ತದೆ. ಮಸಾಲೆಯ ಬಲವನ್ನೆಲ್ಲ ಹೂರಣಕ್ಕೂ ರಸಕ್ಕೂ ಕೊಡಿ.

ನಂಬಿಕೆ 4: ಮೊದಲು ಎಣ್ಣೆಯಲ್ಲಿ ಹುರಿದರೆ ರಸ ಒಳಗೇ ಉಳಿಯುತ್ತದೆ.

ಸತ್ಯ: 1847ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್ ಈ ವಾದವನ್ನು ಮುಂದಿಟ್ಟ ಮೇಲೆ ಅದು ಲೋಕವೆಲ್ಲ ಹಬ್ಬಿತು. ಆದರೆ ಹುರಿದು ಕೆಂಪಾದ ಪದರ ನೀರನ್ನು ತಡೆಯುವುದಿಲ್ಲ. ಹುರಿದ ಮಾಂಸವನ್ನು ತಟ್ಟೆಗೆ ತೆಗೆದಿಟ್ಟು ನೋಡಿ, ಕೆಳಗೆ ರಸ ಸೋರಿ ನಿಲ್ಲುತ್ತದೆ. ಆದರೂ ಹುರಿಯುವುದನ್ನು ಬಿಡಬೇಡಿ. ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಪ್ರೋಟೀನಿನ ಅಂಶಗಳೂ ಸಕ್ಕರೆಯೂ ಕೂಡಿ ಹೊಸ ರುಚಿ, ಬಣ್ಣ, ಘಮ ಚುರುಕಾಗಿ ಹುಟ್ಟುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಮೀಯ್ ಮಯಾರ್ ಹೆಸರೇ ಈ ಕ್ರಿಯೆಗಿದೆ. ನೀರಿನಲ್ಲಿ ಬೇಯುವಾಗ ಅಷ್ಟು ಕಾವು ಸಿಗದು.

ನಂಬಿಕೆ 5: ಉರಿ ಜೋರಾದರೆ ಬೇಗ ಬೇಯುತ್ತದೆ, ನೀರಲ್ಲಿರುವ ಮಾಂಸ ಹೇಗೂ ಒಣಗುವುದಿಲ್ಲ.

ಸತ್ಯ: ಹೆಚ್ಚಿನ ಮನೆಗಳಲ್ಲಿ ಅಡುಗೆ ಕೆಡುವುದು ಇಲ್ಲೇ. ತೆರೆದ ಪಾತ್ರೆಯ ನೀರು ಒಮ್ಮೆ ಕುದಿಯಲು ಹತ್ತಿದರೆ ಉರಿ ಎಷ್ಟೇ ಏರಿಸಿದರೂ ಅದರ ಕಾವು ಏರದು. ಸಮುದ್ರಮಟ್ಟದಲ್ಲಿ ಅದು 100 ಡಿಗ್ರಿ. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 97. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಕುದಿತದ ಹೊಡೆತಕ್ಕೆ ದಾರ ಸಡಿಲವಾಗಿ ಹೂರಣ ಹೊರಬೀಳುತ್ತದೆ, ಅಷ್ಟೆ.

ಮಾಂಸದೊಳಗೆ ಎರಡು ಬದಲಾವಣೆಗಳು ಬೇರೆಬೇರೆ ವೇಗದಲ್ಲಿ ನಡೆಯುತ್ತವೆ. 60 ಡಿಗ್ರಿ ದಾಟಿದಂತೆ ಸ್ನಾಯುವಿನ ಎಳೆಗಳು ಮುದುಡಿ, ಒದ್ದೆ ಬಟ್ಟೆ ಹಿಂಡಿದಂತೆ ತಮ್ಮ ನೀರನ್ನು ಹೊರಹಾಕುತ್ತವೆ. ಸುತ್ತ ಎಷ್ಟೇ ರಸವಿದ್ದರೂ ಇದನ್ನು ತಡೆಯಲಾಗದು. ಕೊಲಾಜನ್ ಕರಗುವುದಕ್ಕಾದರೋ 70ರಿಂದ 85 ಡಿಗ್ರಿಯಲ್ಲಿ ಗಂಟೆಗಳೇ ಬೇಕು. ಹಾಗಾಗಿ ಒಂದು ಗಂಟೆ ಬೆಂದ ಮಾಂಸ ಹಸಿಯದ್ದಕ್ಕಿಂತಲೂ ಗಟ್ಟಿಯಾಗಿರುತ್ತದೆ. ಗಾಬರಿಯಾಗಿ ಉರಿ ಏರಿಸುವುದು ಆಗಲೇ. ಏರಿಸಬೇಡಿ. ಒಂದೆರಡು ಗುಳ್ಳೆ ಮಾತ್ರ ಏಳುವಷ್ಟು ಸಣ್ಣ ಉರಿಯಲ್ಲಿ, ಮುಚ್ಚಳ ಬಿಗಿಯಾಗಿ ಮುಚ್ಚಿ, ಒಂದೂವರೆ ಕಿಲೋ ತುಂಡಿಗೆ ಮೂರು ಗಂಟೆಯಾದರೂ ಕೊಡಿ. ರಸ ಅರ್ಧ ತುಂಡಿನವರೆಗೆ ಇದ್ದರೆ ಸಾಕು. ನಡುವೆ ಒಮ್ಮೆ ಮಗುಚಿ ಹಾಕಿ. ಕಡ್ಡಿ ಚುಚ್ಚಿದರೆ ತಡೆಯಿಲ್ಲದೆ ಇಳಿಯಬೇಕು.

ಕುಕ್ಕರ್‌ನಲ್ಲಿ ಕಾವು 120 ಡಿಗ್ರಿಯ ಹತ್ತಿರ ಹೋಗುವುದರಿಂದ ಕೊಲಾಜನ್ ಬೇಗ ಕರಗುತ್ತದೆ ನಿಜ. ಸಾರಿನ ತುಂಡುಗಳಿಗೆ ಅದು ಸರಿ. ಹೂರಣ ತುಂಬಿದ ದೊಡ್ಡ ತುಂಡಿನ ಎಳೆಗಳು ಮಾತ್ರ ಅಲ್ಲಿ ಹೆಚ್ಚು ಹಿಂಡಿಹೋಗುತ್ತವೆ, ದಾರದ ಕಟ್ಟು ಬಿಚ್ಚಿಕೊಳ್ಳುವ ಭಯವೂ ಇದೆ.

ನಂಬಿಕೆ 6: ಹೊರಗೆ ಬೆಂದರೆ ಹೂರಣವೂ ಬೆಂದಂತೆ.

ಸತ್ಯ: ಕಾವು ಕೊನೆಗೆ ತಲುಪುವುದೇ ನಡುವಿಗೆ. ಕೈಮಾ ಮಾಡುವಾಗ ಮೇಲ್ಮೈಯ ಬ್ಯಾಕ್ಟೀರಿಯಾಗಳೆಲ್ಲ ಒಳಗೆ ಬೆರೆತಿರುತ್ತವೆ. ಆದ್ದರಿಂದ ಹೂರಣದ ನಟ್ಟನಡುವೆ 74 ಡಿಗ್ರಿ ಆಗಲೇಬೇಕು. ಅಡುಗೆಯ ಥರ್ಮಾಮೀಟರ್ ಚುಚ್ಚಿ ನೋಡುವುದೇ ಖಚಿತ ದಾರಿ. ಹೂರಣವನ್ನು ಹಿಂದಿನ ರಾತ್ರಿಯೇ ತುಂಬಿಡಬೇಡಿ, ಒಲೆಗೇರಿಸುವ ಮುಂಚೆ ತುಂಬಿ. ಹುರಿದ ಈರುಳ್ಳಿ, ಅನ್ನ ಸೇರಿಸುವುದಾದರೆ ಮೊದಲು ಪೂರ್ತಿ ತಣಿಸಿ. ಬೆಚ್ಚಗಿನ ಹೂರಣ ಹಸಿ ಮಾಂಸದೊಳಗೆ ಕೂತರೆ ಬ್ಯಾಕ್ಟೀರಿಯಾ ಬೆಳೆಯಲು ಅನುಕೂಲ. ಒತ್ತಿ ತುಂಬುವುದೂ ಬೇಡ. ಮಾಂಸ ಮುದುಡಿದಾಗ ಜಾಗ ಸಾಲದೆ ಒಡೆಯುತ್ತದೆ.

ನಂಬಿಕೆ 7: ಅಂದೇ ಬೇಯಿಸಿ ಅಂದೇ ಬಡಿಸಿದರೇ ರುಚಿ.

ಸತ್ಯ: ಈ ಅಡುಗೆ ಮಾರನೆಯ ದಿನಕ್ಕೇ ಹೆಚ್ಚು ಒದಗುತ್ತದೆ. ಬೆಂದ ತುಂಡನ್ನು ಅಗಲ ಪಾತ್ರೆಗೆ ತೆಗೆದು ರಸ ಸುರಿದು, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಬೆಳಗ್ಗೆ ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ಎತ್ತಿ ತೆಗೆಯಬಹುದು. ತಣ್ಣಗಿರುವಾಗ ದಾರ ಬಿಚ್ಚಿ, ಎಳೆಗಳಿಗೆ ಅಡ್ಡಲಾಗಿ ಹೋಳು ಮಾಡಿದರೆ ಹೂರಣ ಚೂರೂ ಉದುರದು. ಆ ಹೋಳುಗಳನ್ನು ರಸದಲ್ಲಿ ಹಬೆಯಾಡುವಷ್ಟು ಬಿಸಿ ಮಾಡಿ ಬಡಿಸಿ. ಅಡುಗೆ ಮಾಡಿದವರಿಗೂ ಆಗ ಎಲ್ಲರೊಂದಿಗೆ ಪಂಕ್ತಿಯಲ್ಲಿ ಕೂತು ಉಣ್ಣಲು ಬಿಡುವು ಸಿಗುತ್ತದೆ. ಮನೆಮಂದಿಯ ಊಟವೆಂದರೆ ಅವರದ್ದೂ ಊಟ ತಾನೇ?