ಪಾಕ ಬೇರೆ, ಪಾತ್ರೆ ಬೇರೆ

ಕಾರ್ಖಾನೆಗಳಲ್ಲಿ ಪದಾರ್ಥಗಳು ಸಿದ್ಧವಾಗುವ ರೀತಿಗಳು ಮುಖ್ಯವಾಗಿ ಎರಡು. ಸಿಮೆಂಟಿನ ಗೂಡಿನಲ್ಲಿ ನಡೆಯುವಂತೆ ಹಗಲಿರುಳೆನ್ನದೆ ಒಂದೇ ಪ್ರವಾಹವಾಗಿ ಸಾಗುವುದು ಒಂದು ರೀತಿ. ಒಂದಿಷ್ಟನ್ನು ತುಂಬಿ, ಹದಕ್ಕೆ ತಂದು, ಇಳಿಸಿ, ಮತ್ತೆ ತುಂಬುವುದು ಇನ್ನೊಂದು. ಎರಡನೆಯದನ್ನು ಉದ್ಯಮದವರು ‘ಬ್ಯಾಚ್’ ಎನ್ನುತ್ತಾರೆ. ಮೈಸೂರು ಕಡೆಯ ಅಡುಗೆಮನೆಯಲ್ಲಿ ಇದಕ್ಕೆ ‘ಒಬ್ಬೆ’ ಎಂಬ ಚೊಕ್ಕ ಮಾತೇ ಇದೆ: ಒಂದು ಒಬ್ಬೆ ಇಡ್ಲಿ ಇಳಿದ ಮೇಲೆ ಮತ್ತೊಂದು ಒಬ್ಬೆ. ಔಷಧವೂ ಗೋಡೆಯ ಬಣ್ಣವೂ ಬಹುಮಟ್ಟಿಗೆ ಒಬ್ಬೆಯ ಲೆಕ್ಕದಲ್ಲೇ ತಯಾರಾಗುತ್ತವೆ. ನಮ್ಮ ಜಿಲ್ಲೆಯಲ್ಲಿ ಇದರ ನಿದರ್ಶನ ಬೇಕೆಂದರೆ ಗಂಗಾವತಿಯ ಕಡೆಗೆ ನೋಡಬೇಕು.

ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಸಿದ್ಧವಾಗಿ, ಎಡದಂಡೆಯ ಕಾಲುವೆಯ ನೀರು ಹರಿದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ಅದರ ಬೆನ್ನಿಗೆ ಅಕ್ಕಿ ಗಿರಣಿಗಳು ಬಂದವು. ಕುಚ್ಚಲಕ್ಕಿ ಮಾಡುವ ಗಿರಣಿಯಲ್ಲಿ ಭತ್ತವನ್ನು ತೊಟ್ಟಿಯಲ್ಲಿ ನೆನೆಸಿ, ನೀರು ಬಸಿದು, ಹಬೆಗೆ ಹಿಡಿದು, ಒಣಗಿಸಿ, ಆಮೇಲೆ ಸಿಪ್ಪೆ ಬಿಡಿಸುತ್ತಾರೆ. ಹಿಂದೆ ತಣ್ಣೀರಿನಲ್ಲಿ ಎರಡು ಮೂರು ದಿನ ನೆನೆಸುತ್ತಿದ್ದರು. ಅದರಿಂದ ನೀರು ಹುಳಿತು ಅಕ್ಕಿಗೆ ದುರ್ವಾಸನೆ ಹತ್ತುತ್ತಿತ್ತು. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದವರು ಸುಮಾರು 70 ಡಿಗ್ರಿ ಬಿಸಿಯ ನೀರಿನಲ್ಲಿ ಮೂರು ನಾಲ್ಕು ಗಂಟೆ ನೆನೆಸುವ ಕ್ರಮವನ್ನು ರೂಪಿಸಿ ಈ ತೊಡಕನ್ನು ನೀಗಿದರು. ಆದರೆ ಬಿಸಿ ಹೆಚ್ಚಾದರೆ ಭತ್ತ ಬಿರಿಯುತ್ತದೆ. ನೆನೆದದ್ದು ಸಾಲದಿದ್ದರೆ ಕಾಳಿನ ನಡುವೆ ಬಿಳಿಯ ಹೊಟ್ಟೆ ಉಳಿಯುತ್ತದೆ. ಒಣಗಿಸುವಾಗಲೂ ಒಂದೇ ಉಸಿರಿಗೆ ಒಣಗಿಸದೆ, ನಡುವೆ ಕಾಳಿಗೆ ವಿಶ್ರಾಂತಿ ಕೊಟ್ಟು, ತೇವವನ್ನು ನೂರಕ್ಕೆ 14ರ ಸುಮಾರಿಗೆ ತರಬೇಕು. ಇಲ್ಲವಾದರೆ ಗಿರಣಿಯಲ್ಲಿ ನುಚ್ಚೇ ಹೆಚ್ಚು.

ಈ ಹದವನ್ನು ಬಲ್ಲವನು ಹಬೆಯ ಬಳಿ ನಿಂತ ಹಳೆಯ ಕೆಲಸಗಾರ. ಅವನ ಜಾಗಕ್ಕೆ ಗಣಕಯಂತ್ರ ಬಂದಾಗ ಏನಾಗುತ್ತದೆ? ಒಬ್ಬ ಎಂಜಿನಿಯರು ತೊಟ್ಟಿ, ನಳಿಗೆ, ವಾಲ್ವು, ವೇಳೆ, ಬಿಸಿ ಎಲ್ಲವನ್ನೂ ಹೆಣೆದು ಒಂದೇ ಉದ್ದದ ಆದೇಶಮಾಲೆಯನ್ನು ಬರೆದಿಟ್ಟು ಹೋದನೆನ್ನಿ. ಮುಂದೆ ಭತ್ತದ ತಳಿ ಬದಲಾಗಿ ನೆನೆಸುವ ವೇಳೆಯನ್ನು ಅರ್ಧ ಗಂಟೆ ಹೆಚ್ಚಿಸಬೇಕಾದರೂ ಅವನನ್ನೇ ಕರೆಸಬೇಕು. ಮೊದಲು ಹದ ಕೆಲಸಗಾರನ ತಲೆಯಲ್ಲಿ ಅಡಗಿತ್ತು, ಈಗ ಪರಊರಿನ ಎಂಜಿನಿಯರನ ತಲೆಯಲ್ಲಿ ಅಡಗಿತು. ಕೆಲಸಗಾರನಾದರೋ ಊರಲ್ಲೇ ಇದ್ದ!

ಈ ಸಂಕಟ ಜಗತ್ತಿನ ದೊಡ್ಡ ರಸಾಯನ ಕಾರ್ಖಾನೆಗಳಿಗೂ ಇತ್ತು. ಅದಕ್ಕಾಗಿಯೇ 1995ರಲ್ಲಿ ಅಮೆರಿಕದಲ್ಲಿ ‘ಎಸ್-88’ ಎಂಬ ಮಾನಕವನ್ನು ಪ್ರಕಟಿಸಿದರು. 1997ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವೂ ಆಯಿತು. ಅದರ ತಿರುಳನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಪಾಕ ಬೇರೆ, ಪಾತ್ರೆ ಬೇರೆ. ಪಾತ್ರೆಗೆ ಏನು ಮಾಡಲು ಬರುತ್ತದೆ ಎಂಬುದನ್ನು ಒಂದು ಕಡೆ ಬರೆಯಬೇಕು: ತುಂಬು, ಕಾಯಿಸು, ತಡೆದು ನಿಲ್ಲಿಸು, ಬಸಿ, ಹಬೆ ಬಿಡು. ಈ ಕ್ರಿಯೆಗಳನ್ನು ಯಾವ ಅನುಕ್ರಮದಲ್ಲಿ, ಎಷ್ಟು ಹೊತ್ತು, ಎಷ್ಟು ಬಿಸಿಯಲ್ಲಿ ನಡೆಸಬೇಕೆಂಬ ಪಾಕವನ್ನು ಇನ್ನೊಂದು ಕಡೆ ಬರೆಯಬೇಕು. 16ನೆಯ ಶತಮಾನದಲ್ಲಿ ‘ಸೂಪಶಾಸ್ತ್ರ’ವನ್ನು ರಚಿಸಿದ ಮೂರನೆಯ ಮಂಗರಸನಿಗೆ ಇದು ಹೊಸ ಮಾತೆನಿಸುತ್ತಿರಲಿಲ್ಲ, ಪಾಕವನ್ನು ಬರೆಯುವವನು ಯಾರ ಮನೆಯ ಒಲೆ ಎಂದು ಕೇಳುವುದಿಲ್ಲವಷ್ಟೆ.

ಪಾತ್ರೆಯನ್ನೂ ಹಂತಹಂತವಾಗಿ ಬಿಡಿಸುತ್ತಾರೆ. ವಾಲ್ವು ಒಂದು ಕಿರಿಯ ಅಂಗ. ಅಂಥ ಕೆಲವು ಸೇರಿದ ಹಬೆಯ ಸಾಲು ಅದಕ್ಕಿಂತ ಹಿರಿದು. ಅವೆಲ್ಲವನ್ನೂ ಒಳಗೊಂಡ ತೊಟ್ಟಿ ಒಂದು ಘಟಕ. ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳನ್ನೇ ಜೋಡಿಸುತ್ತ ಕುಮಾರವ್ಯಾಸನು ಭಾಮಿನಿಯಲ್ಲಿ ಭಾರತವನ್ನು ಹೇಳಿದಂತೆ, ಒಮ್ಮೆ ಪರೀಕ್ಷಿಸಿ ಒಪ್ಪಿದ ವಾಲ್ವಿನ ಆದೇಶವನ್ನು ಆರು ತೊಟ್ಟಿಗಳಿಗೂ ಹಾಗೆಯೇ ಬಳಸಬಹುದು. ಮೂರನೆಯ ತೊಟ್ಟಿಯ ವಾಲ್ವು ಕಚ್ಚಿಕೊಂಡರೆ ನಿಲ್ಲುವುದು ಆ ತೊಟ್ಟಿ ಮಾತ್ರ. ಯಾವ ಒಬ್ಬೆ ಎಷ್ಟು ಬಿಸಿಯಲ್ಲಿ ಎಷ್ಟು ಹೊತ್ತು ಇತ್ತೆಂಬ ದಾಖಲೆಯೂ ಉಳಿಯುತ್ತದೆ. ವಾಸನೆಯೆಂದು ಮೂಟೆ ಹಿಂದಿರುಗಿದಾಗ ಕೂಲಿಯವನನ್ನು ಗದರಿಸುವ ಬದಲು ದಾಖಲೆಯನ್ನು ನೋಡಬಹುದು. ನನ್ನ ದೃಷ್ಟಿಯಲ್ಲಿ ಇದು ಸಣ್ಣ ಲಾಭವಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ನೆನೆಸುವ ವೇಳೆಯನ್ನು ತಿದ್ದುವ ಅಧಿಕಾರ ಗಿರಣಿಯವರ ಕೈಗೇ ಮರಳುತ್ತದೆ, ಹಳೆಯ ಕೆಲಸಗಾರ ಬಲ್ಲದ್ದು ಬರಹಕ್ಕೆ ಇಳಿಯುತ್ತದೆ.

ವರ್ಷವಿಡೀ ಒಂದೇ ತಳಿಯನ್ನು ಒಂದೇ ತೊಟ್ಟಿಯಲ್ಲಿ ಬೇಯಿಸುವವನಿಗೆ ಇಷ್ಟೆಲ್ಲ ವ್ಯವಸ್ಥೆ ಹೊರೆಯೇ ಸರಿ. ಮೊದಲು ಬಿಡಿಸಿ ಬರೆಯುವುದಕ್ಕೆ ಶ್ರಮವೂ ಹಣವೂ ಹೆಚ್ಚು ಬೇಕು. ಪದಾರ್ಥಗಳು ಬದಲಾಗುವ ಕಡೆಯಲ್ಲೇ ಇದರ ಫಲ ಕಾಣುವುದು.

ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ಹೊಲಗಳನ್ನು ನೆನೆದರೆ ಈ ಮಾತು ಮನಸ್ಸಿಗೆ ಬರುತ್ತದೆ. ಅಲ್ಲಿಯ ಸಜ್ಜೆಯ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುವುದನ್ನು ಹೆಣ್ಣುಮಕ್ಕಳೆಲ್ಲ ಬಲ್ಲರು. ದೂರದ ಪೇಟೆಗೆ ಅದು ಹೋಗದಿರಲು ಅದೂ ಒಂದು ಕಾರಣ. ಬೀಸುವ ಮೊದಲು ಕಾಳನ್ನು ಹಬೆಗೆ ಹಿಡಿದು ಒಣಗಿಸಿದರೆ, ಹಿಟ್ಟಿನ ಜಿಡ್ಡನ್ನು ಕೆಡಿಸುವ ಕಿಣ್ವ ಅಡಗಿ ಹಿಟ್ಟು ಹೆಚ್ಚು ಕಾಲ ಬಾಳುತ್ತದೆ. ಹಬೆ, ವಿಶ್ರಾಂತಿ, ಒಣಗಿಸುವುದು: ಕ್ರಿಯೆಗಳು ಭತ್ತದವೇ, ಅಳತೆಗಳು ಮಾತ್ರ ಬೇರೆ. ಪಾಕವನ್ನೂ ಪಾತ್ರೆಯನ್ನೂ ಬೇರ್ಪಡಿಸಿ ಬರೆದ ಒಂದು ಚಿಕ್ಕ ಘಟಕದಲ್ಲಿ, ತೊಟ್ಟಿಯನ್ನು ತೊಳೆದು ಪಾಕದ ಹಾಳೆಯನ್ನು ಬದಲಿಸಿದರೆ, ಭತ್ತದ ಸುಗ್ಗಿ ಮುಗಿದ ಮೇಲೆ ಸಜ್ಜೆಯ ಒಬ್ಬೆಯನ್ನು ಏರಿಸಬಹುದು.