ಮೆಶಾ ಸೆಲಿಮೊವಿಚ್: ಜನಾಂಗ ಮತ್ತು ತವರುನಾಡು

ಯುಗೋಸ್ಲಾವಿಯದ ಲೇಖಕರ ವಿಷಯವನ್ನು ವಿಚಾರಿಸುವವರು ಮೊದಲು ಒಂದು ಪದದ ಅರ್ಥವನ್ನು ಬಿಡಿಸಿಕೊಳ್ಳಬೇಕು. ನಮ್ಮಲ್ಲಿ ರಾಷ್ಟ್ರೀಯತೆಯೆಂದರೆ ಸಾಮಾನ್ಯವಾಗಿ ಪೌರತ್ವವೆಂದೇ ಭಾವನೆ. ಆ ದೇಶದಲ್ಲಿ ಹಾಗಿರಲಿಲ್ಲ. ಪೌರರೆಲ್ಲರೂ ಯುಗೋಸ್ಲಾವಿಯದವರೇ ಆದರೂ ಜನಗಣತಿಯಲ್ಲಿ ಒಬ್ಬನು ತನ್ನನ್ನು ಸರ್ಬನೆಂದೋ ಕ್ರೊವಾಟನೆಂದೋ ಬೇರೆಯಾಗಿ ಹೇಳಿಕೊಳ್ಳಬಹುದಾಗಿತ್ತು. ಹುಟ್ಟಿದ ಪ್ರಾಂತ್ಯವು ಮೂರನೆಯ ಸಂಗತಿ. ಇವನ್ನು ಒಂದರೊಳಗೊಂದು ಬೆರೆಸಿದುದರಿಂದಲೇ ಮೆಶಾ ಸೆಲಿಮೊವಿಚ್ಚನ ಕುರಿತ ವಾದವು ಇಷ್ಟು ಬೆಳೆದಿದೆ.

ಆತನು 1910ರಲ್ಲಿ ಬಾಸ್ನಿಯದ ತುಜ್ಲಾದಲ್ಲಿ, ಮುಸ್ಲಿಂ ಮನೆತನದಲ್ಲಿ ಹುಟ್ಟಿದನು, ಬೆಲ್‌ಗ್ರೇಡಿನಲ್ಲಿ ಓದಿದನು, ಎರಡನೆಯ ಮಹಾಯುದ್ಧದಲ್ಲಿ ಪಾರ್ಟಿಜಾನರನ್ನು ಸೇರಿದನು. ಯುದ್ಧ ಮುಗಿಯುವ ಮೊದಲೇ ಆ ಪಾರ್ಟಿಜಾನರೇ ಅವನ ಸೋದರನನ್ನು ಗುಂಡಿಕ್ಕಿ ಕೊಂದರು. 1966ರಲ್ಲಿ ಪ್ರಕಟವಾದ 'ದರ್ವೇಷಿ ಮತ್ತು ಮೃತ್ಯು' ಕಾದಂಬರಿಯ ಮೂಲದಲ್ಲಿ ಈ ಗಾಯವಿದೆ. ಒಟ್ಟೊಮನ್ ಆಳ್ವಿಕೆಯ ಬಾಸ್ನಿಯದಲ್ಲಿ, ಸೆರೆ ಸಿಕ್ಕ ತಮ್ಮನನ್ನು ಬಿಡಿಸಲಾರದೆ ತೊಳಲುವ ಅಹಮದ್ ನೂರುದ್ದೀನನ ಕಥೆಯದು. ನೆಲ, ನಂಬಿಕೆ, ನುಡಿಯ ಬಾಗು ಎಲ್ಲವೂ ಬಾಸ್ನಿಯದವೇ.

1968ರಲ್ಲಿ ಬಾಸ್ನಿಯದ ಕಮ್ಯೂನಿಸ್ಟ್ ನಾಯಕತ್ವವು ಮುಸ್ಲಿಮರನ್ನು ಪ್ರತ್ಯೇಕ ಜನಾಂಗವೆಂದು ಒಪ್ಪಿತು. 1971ರ ಜನಗಣತಿಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಆ ಜನಾಂಗಕ್ಕೊಂದು ಸಾಹಿತ್ಯವೂ ಬೇಕಾಗುವುದು ಸಹಜ. ಸೆಲಿಮೊವಿಚ್ಚನಾದರೋ 1976ರಲ್ಲಿ ಸರ್ಬಿಯದ ವಿಜ್ಞಾನ-ಕಲಾ ಅಕಾಡೆಮಿಗೆ ಪತ್ರ ಬರೆದನು. ತಾನು ಬಾಸ್ನಿಯದ ಮುಸ್ಲಿಂ ಕುಟುಂಬದವನು, ಜನಾಂಗದಿಂದ ಸರ್ಬನು. ತನ್ನ ಕೃತಿಗಳು ಸರ್ಬಿಯನ್ ಸಾಹಿತ್ಯಕ್ಕೆ ಸೇರಿದವು. ಬಾಸ್ನಿಯದ ಸಾಹಿತ್ಯಕ್ಕೂ ತಾನು ಸೇರಿದವನೇ, ಆದರೆ ಅದು ತವರಿನ ಕೇಂದ್ರವೇ ಹೊರತು ಪ್ರತ್ಯೇಕ ಸಾಹಿತ್ಯವಲ್ಲ. ಹುಟ್ಟನ್ನೂ ಆಯ್ಕೆಯನ್ನೂ ತಾನು ಸಮನಾಗಿ ಗೌರವಿಸುತ್ತೇನೆ: ಇದು ಪತ್ರದ ತಾತ್ಪರ್ಯ.

ಸಾರಾಯೆವೊದ ಮೇಲಣ ಮುನಿಸಿನಿಂದ ಬರೆದುದು ಇದು ಎನ್ನುವವರುಂಟು. ಮುನಿಸು ಇದ್ದಿರಬಹುದು, ಅಷ್ಟರಿಂದ ಸಹಿ ಸುಳ್ಳಾಗದು. ಆದರೆ ಇದನ್ನೇ ಹಿಡಿದು ಬಾಸ್ನಿಯದ ಮುಸ್ಲಿಮರೆಲ್ಲರೂ ಮತಾಂತರಗೊಂಡ ಸರ್ಬರೆಂದು ಸಾಧಿಸಹೊರಡುವುದು ಹೆಚ್ಚಿನ ಅನ್ಯಾಯ. ಆತನು ಬರೆದುದು ತನ್ನೊಬ್ಬನ ಪರವಾಗಿ. 1992-95ರ ಯುದ್ಧದಲ್ಲಿ ಇಂಥ ವಾದಗಳಿಗೆ ಜನರು ತೆತ್ತ ಬೆಲೆಯನ್ನು ಬಲ್ಲ ನಾವು ಈ ಭೇದವನ್ನು ಮರೆಯುವಂತಿಲ್ಲ. ಪತ್ರವನ್ನು ಎರಡು ಪಕ್ಷದವರೂ ಅರ್ಧರ್ಧವಾಗಿ ಓದುತ್ತಿರುವುದೇ ನನಗೆ ಕಾಣುವ ದೋಷ.

ಸೆಲಿಮೊವಿಚ್ಚನು 1982ರಲ್ಲಿ ಬೆಲ್‌ಗ್ರೇಡಿನಲ್ಲಿ ತೀರಿಕೊಂಡನು. ಯುದ್ಧಾನಂತರ, 1998ರಲ್ಲಿ, ಬಾಸ್ನಿಯದ ಹೊಸ ನೋಟುಗಳು ಹೊರಬಂದಾಗ ದೇಶದ ಎರಡು ಘಟಕಗಳೂ ಬಹುತೇಕ ನೋಟುಗಳಲ್ಲಿ ತಮ್ಮ ತಮ್ಮ ಲೇಖಕರ ಚಿತ್ರಗಳನ್ನು ಬೇರೆ ಬೇರೆಯಾಗಿ ಅಚ್ಚು ಹಾಕಿಸಿದುವು. 5 ಮಾರ್ಕಿನ ನೋಟಿನಲ್ಲಿ ಮಾತ್ರ ಎರಡೂ ಕಡೆ ಸೆಲಿಮೊವಿಚ್ಚನೇ ಇದ್ದನು.