ಷೋರೂಂ ದಾಟಿದ ಮೇಲೆ ಕಾರಿನ ಬೆಲೆ ಎಷ್ಟು?

ಹಿಮಾಯತ್‌ನಗರ, ನಾರಾಯಣಗುಡ, ಕಾಚಿಗುಡ ಭಾಗದ ಕನ್ನಡ ಬಂಧುಗಳ ಮನೆಗಳಲ್ಲಿ ಹೊಸ ಕಾರಿನ ಮಾತು ಆಗಾಗ ಕೇಳಿಬರುತ್ತದೆ. ಒಂದು ಮನೆಯಲ್ಲಿ ಮಗನಿಗೆ ಗಚ್ಚಿಬೌಲಿಯಲ್ಲಿ ಕೆಲಸ ಸಿಕ್ಕಿದೆ, ಇನ್ನೊಂದರಲ್ಲಿ ಯಜಮಾನರ ಪಿಎಫ್, ಗ್ರ್ಯಾಚುಯಿಟಿ ಕೈಗೆ ಬಂದಿದೆ. ಸಂತೋಷದ ವಿಷಯವೇ. ಆದರೆ ಸುಲ್ತಾನ್ ಬಜಾರಿನಲ್ಲಿ ಒಂದು ಚಾದರಕ್ಕೆ ಅರ್ಧ ಗಂಟೆ ಚೌಕಾಸಿ ಮಾಡುವ ನಾವು, ಎಂಟು-ಹತ್ತು ಲಕ್ಷದ ಕಾರಿಗೆ ತೋರಿಸಿದ ಕಡೆ ಸಹಿ ಹಾಕಿ ಬರುತ್ತೇವೆ.

ಇದಕ್ಕೆ ಕಾರಣ ಹಳೆಯ ಅಭ್ಯಾಸ ಇರಬೇಕು. ಬಜಾಜ್ ಸ್ಕೂಟರಿಗೆ ವರ್ಷಗಟ್ಟಲೆ ಕಾದವರು ನಾವು. 1983ರಲ್ಲಿ ಮಾರುತಿ 800 ಬಂದಾಗಲೂ ಮುಂಗಡ ಕಟ್ಟಿ ಸರದಿಯಲ್ಲಿ ನಿಂತವರೇ ಹೆಚ್ಚು. ಗಾಡಿ ಸಿಕ್ಕರೆ ಸಾಕಿತ್ತು, ಬೆಲೆ ಕೇಳುವ ಧೈರ್ಯ ಯಾರಿಗಿತ್ತು? ಈಗ ಕಾಲ ತಿರುಗಿದೆ, ಕಂಪನಿಯವರೇ ಫೋನ್ ಮಾಡಿ ಕರೆಯುತ್ತಾರೆ.

ಮೊದಲು ಬೆಲೆಯ ಲೆಕ್ಕ ನೋಡೋಣ. ಎಕ್ಸ್ ಷೋರೂಂ ಬೆಲೆ 8 ಲಕ್ಷ ಎಂದು ಹಿಡಿಯಿರಿ. ಇದರಲ್ಲಿ ಜಿಎಸ್‌ಟಿ ಸೇರಿರುತ್ತದೆ. 5ರಿಂದ 10 ಲಕ್ಷದೊಳಗಿನ ಕಾರಿಗೆ ತೆಲಂಗಾಣದಲ್ಲಿ 2022ರಿಂದ ಜೀವಾವಧಿ ತೆರಿಗೆ ಶೇ. 14, ಅಂದರೆ 1,12,000 ರೂ. ವಿಮೆ 38,000, ಬಿಡಿ ಅಲಂಕಾರ ಮತ್ತು 'ಹ್ಯಾಂಡ್ಲಿಂಗ್ ಚಾರ್ಜ್' ಎಲ್ಲಾ ಸೇರಿ 10,000 ಎಂದುಕೊಂಡರೆ ರಸ್ತೆಗೆ ಬರುವಾಗ 9,60,000 ಆಯಿತು. ತೆರಿಗೆಯಲ್ಲಿ ಚೌಕಾಸಿ ಇಲ್ಲ. ಉಳಿದ ಮೂರರಲ್ಲೂ ಇದೆ. ಹ್ಯಾಂಡ್ಲಿಂಗ್ ಚಾರ್ಜ್ ಸರ್ಕಾರದ ಶುಲ್ಕವಲ್ಲ, "ಇದನ್ನು ತೆಗೆಯಿರಿ" ಎಂದು ನೇರವಾಗಿ ಹೇಳಬಹುದು. ವಿಮೆಯನ್ನು ಡೀಲರ್ ಹತ್ತಿರವೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ. (ವಿಮಾ ನಿಯಂತ್ರಣ ಪ್ರಾಧಿಕಾರ ಬಹುಕಾಲ ನಮ್ಮ ಪಕ್ಕದ ಬಷೀರ್‌ಬಾಗಿನ ಪರಿಶ್ರಮ ಭವನದಲ್ಲೇ ಇತ್ತು. ಆ ಕಟ್ಟಡದ ಮುಂದೆ ದಿನವೂ ಓಡಾಡಿದವರಲ್ಲೂ ಈ ಮಾತು ಗೊತ್ತಿಲ್ಲದವರಿದ್ದಾರೆ.) ಹೊರಗಿನಿಂದ ಎರಡು ಕೊಟೇಷನ್ ತಂದು ಮೇಜಿನ ಮೇಲಿಟ್ಟರೆ ಡೀಲರ್ ಹೇಳುವ ಪ್ರೀಮಿಯಂ ಸಾಮಾನ್ಯವಾಗಿ ಇಳಿಯುತ್ತದೆ. ಸೀಟ್ ಕವರ್, ಮ್ಯಾಟ್ ಉಚಿತ ಎಂದರೆ ಅಷ್ಟರ ಹಣವನ್ನೇ ಬೆಲೆಯಲ್ಲಿ ಕಡಿಮೆ ಮಾಡಲು ಕೇಳಿ. ಬ್ಯಾಂಕ್ ಅಥವಾ ಸರ್ಕಾರಿ ನೌಕರರಿಗೆ ಪ್ರತ್ಯೇಕ ರಿಯಾಯಿತಿ ಇದೆಯೇ ಎಂದೂ ಕೇಳಿ. ಕೇಳದಿದ್ದರೆ ತಾವಾಗಿ ಹೇಳುವವರು ಕಡಿಮೆ.

ಯಾವಾಗ ಕೊಳ್ಳಬೇಕು? ದಸರಾ, ಯುಗಾದಿಗೆ ಎಲ್ಲರೂ ಹೋಗುತ್ತಾರೆ. ನಮ್ಮವರು, ತೆಲುಗಿನವರು ಇಬ್ಬರೂ ದೂರವಿಡುವ ಆಷಾಢದಲ್ಲಿ ಷೋರೂಂ ಖಾಲಿ, ಮಾತು ಮೆತ್ತಗೆ. ಆಗಲೇ ಬುಕ್ ಮಾಡಿ ಶ್ರಾವಣದಲ್ಲಿ ಡೆಲಿವರಿ ತೆಗೆದುಕೊಂಡರೆ ಮನೆಯ ಹಿರಿಯರಿಗೂ ಸಮಾಧಾನ. ಡಿಸೆಂಬರಿನ ರಿಯಾಯಿತಿ ದೊಡ್ಡದಾಗಿ ಕಂಡರೂ ಜನವರಿ ಬಂದೊಡನೆ ಕಾರು 'ಹೋದ ವರ್ಷದ್ದು' ಆಗುತ್ತದೆ. ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಎರಡೂ ಅಚ್ಚಾಗಿರುತ್ತವೆ, ಮುಂದೆ ಮಾರುವಾಗ ಮೊದಲು ನೋಡುವುದು ಅದನ್ನೇ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಚಿಂತೆಯಿಲ್ಲ. ನಾಲ್ಕು ವರ್ಷಕ್ಕೆ ಬದಲಿಸುವವರು ರಿಯಾಯಿತಿಯನ್ನೂ ಈ ನಷ್ಟವನ್ನೂ ತೂಗಿ ನೋಡಬೇಕು.

ಇನ್ನು ಸವಕಳಿ. ಬಿ.ಕಾಂ. ಓದಿದವರಿಗೆ ನೆನಪಿರಬಹುದು, ಪ್ರತಿವರ್ಷ ಉಳಿದ ಮೊತ್ತದ ಮೇಲೆ ಇಷ್ಟು ಶೇಕಡಾ ಎಂದು ಕಳೆಯುವ ಲೆಕ್ಕ. ಸ್ವಂತ ವ್ಯಾಪಾರ ಇರುವವರು ಅದಕ್ಕೆ ಬಳಸುವ ಕಾರಿಗೆ ಆದಾಯ ತೆರಿಗೆಯಲ್ಲಿ ಶೇ. 15 ಕಳೆಯಬಹುದು. ಸಂಬಳದವರಿಗೆ ಆ ಭಾಗ್ಯವಿಲ್ಲ. ನಮಗೆ ಮುಖ್ಯವಾದದ್ದು ವಿಮೆಯ ಪಟ್ಟಿ. ಆರು ತಿಂಗಳೊಳಗಿನ ಕಾರಿಗೆ ಶೇ. 5, ಒಂದು ವರ್ಷದವರೆಗೆ 15, ಎರಡರವರೆಗೆ 20, ಮೂರರವರೆಗೆ 30, ನಾಲ್ಕರವರೆಗೆ 40, ಐದರವರೆಗೆ 50 ಕಳೆಯುತ್ತಾರೆ. ಕಳೆಯುವುದು ಕಂಪನಿಯ ಪಟ್ಟಿ ಬೆಲೆಯಿಂದ, ನೀವು ಕೊಟ್ಟ 9,60,000ದಿಂದ ಅಲ್ಲ. ಹಾಗಾಗಿ ಷೋರೂಂ ಗೇಟು ದಾಟುವಾಗಲೇ ವಿಮೆಯ ಕಣ್ಣಿನಲ್ಲಿ ಕಾರು 7,60,000. ಎರಡು ಲಕ್ಷ ಅಲ್ಲೇ ಮಾಯ! ಐದು ವರ್ಷಕ್ಕೆ 4 ಲಕ್ಷ. ಮಾರುಕಟ್ಟೆ ಬೆಲೆ ಇದಕ್ಕಿಂತ ಹೆಚ್ಚು-ಕಡಿಮೆ ಇರಬಹುದು, ಆದರೂ ಅಂದಾಜಿಗೆ ಈ ಪಟ್ಟಿ ಸಾಕು. ಕಳೆದುಕೊಂಡ 5,60,000ವನ್ನು ಐದು ವರ್ಷಕ್ಕೆ ಹಂಚಿದರೆ ತಿಂಗಳಿಗೆ 9,300 ರೂ. ಮೇಲಾಯಿತು. ವಾರಕ್ಕೊಮ್ಮೆ ದೇವಸ್ಥಾನ, ವರ್ಷಕ್ಕೆರಡು ಬಾರಿ ಕಲಬುರಗಿ ಎಂದು ವರ್ಷಕ್ಕೆ 6,000 ಕಿ.ಮೀ. ಓಡಿಸುವ ನಿವೃತ್ತರಿಗೆ ಪೆಟ್ರೋಲ್ ಹಾಕುವ ಮೊದಲೇ ಕಿ.ಮೀ.ಗೆ 18 ರೂ. ದಾಟುತ್ತದೆ. ಬಾಡಿಗೆ ಕಾರಿನ ದರದೊಂದಿಗೆ ಹೋಲಿಸಿ ನೋಡಿ.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಹೆಚ್ಚು ಕಳವಳ ತರುವುದು ಏಳು ವರ್ಷದ ಸಾಲ. 8 ಲಕ್ಷಕ್ಕೆ ಶೇ. 9ರಂತೆ ಐದು ವರ್ಷಕ್ಕಾದರೆ ಕಂತು ಸುಮಾರು 16,600. ಏಳು ವರ್ಷಕ್ಕಾದರೆ 12,900ದ ಒಳಗೆ. ಎಲ್ಲರ ಕಣ್ಣು ಸಣ್ಣ ಕಂತಿನ ಮೇಲೆ. ಬಡ್ಡಿ 1.96 ಲಕ್ಷದಿಂದ 2.81 ಲಕ್ಷಕ್ಕೆ ಏರುವುದು ಒಂದು ಕಡೆ. ಇನ್ನೊಂದು ಕಡೆ, ಮೂರು ವರ್ಷ ತಪ್ಪದೆ ಕಟ್ಟಿದ ಮೇಲೂ ಬಾಕಿ 5.17 ಲಕ್ಷ ಉಳಿದಿರುತ್ತದೆ. ನಾಲ್ಕನೆಯ ವರ್ಷದಲ್ಲಿ ಶೇ. 40 ಕಳೆದ ವಿಮಾ ಮೌಲ್ಯವೋ 4.80 ಲಕ್ಷ. ಆಗ ಕಾರು ಕಳುವಾದರೆ ಅಥವಾ ಪೂರ್ತಿ ಜಖಂ ಆದರೆ ಆ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ. ಕಾರೂ ಇಲ್ಲ, ಮೇಲೆ ಮೂವತ್ತೇಳು ಸಾವಿರ ಸಾಲ! ಐದು ವರ್ಷದ ಸಾಲದಲ್ಲಿ ಅದೇ ಹೊತ್ತಿಗೆ ಬಾಕಿ 3.64 ಲಕ್ಷ ಮಾತ್ರ. ಐದು ವರ್ಷದ ಕಂತು ಭಾರವೆನಿಸಿದರೆ ಇನ್ನೂ ಚಿಕ್ಕ ಕಾರು ನೋಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ರಿಪೇರಿಯಲ್ಲೂ ಸವಕಳಿ ಇದೆ. ಬಂಪರ್‌ನಂತಹ ಪ್ಲಾಸ್ಟಿಕ್ ಭಾಗ, ರಬ್ಬರ್, ಟೈರ್, ಬ್ಯಾಟರಿಗೆ ಸಾಮಾನ್ಯ ಪಾಲಿಸಿಯಲ್ಲಿ ಅರ್ಧ ಮಾತ್ರ ಕೊಡುತ್ತಾರೆ. ಗಾಜಿಗೆ ಕಡಿತವಿಲ್ಲ. ನಾರಾಯಣಗುಡ ಚೌರಸ್ತೆಯಲ್ಲಿ ಸಂಜೆ ಆರಕ್ಕೆ ಕಾರು ಓಡಿಸುವವರಿಗೆ ಮೊದಲ ಕೆಲವು ವರ್ಷ 'ಜೀರೋ ಡಿಪ್ರಿಸಿಯೇಷನ್' ಸೇರಿಸುವುದು ದುಂದಲ್ಲ.

ಸರ್ಕಾರದ ಒಂದು ಆದೇಶದಿಂದಲೂ ಬೆಲೆ ಕುಸಿಯಬಹುದು. 2025ರ ಸೆಪ್ಟೆಂಬರ್ 22ರಂದು ನಾಲ್ಕು ಮೀಟರಿನೊಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಕಾರಿನ ತೆರಿಗೆ ಸೆಸ್ ಸೇರಿ ಶೇ. 29ರಿಂದ 18ಕ್ಕೆ ಇಳಿಯಿತು. ಲೆಕ್ಕ ಹಾಕಿದರೆ ಬೆಲೆ ಶೇ. 8.5ರಷ್ಟು ಕಡಿಮೆ. ಕೊಳ್ಳುವವರಿಗೆ ಲಾಭ, ಆದರೆ ಆಗಸ್ಟಿನಲ್ಲಿ ಕೊಂಡವರ ಕಾರಿನ ಮೌಲ್ಯವೂ ಜೊತೆಗೇ ಇಳಿಯಿತು.

ಬೀದರಿನಲ್ಲೋ ರಾಯಚೂರಿನಲ್ಲೋ ನೆಂಟರ ವಿಳಾಸ ಕೊಟ್ಟು ಕೆಎ ನಂಬರ್ ತೆಗೆದುಕೊಂಡರೆ ಅಗ್ಗವೇ ಎಂದು ಸಂಘದಲ್ಲಿ ಕೆಲವರು ಕೇಳುತ್ತಾರೆ. ಈ ಬೆಲೆಯ ಕಾರಿಗೆ ಅಲ್ಲಿಯೂ ಶೇ. 14, ಅದರ ಮೇಲೆ ಸೆಸ್. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟರೆ ಮೋಟಾರು ವಾಹನ ಕಾಯ್ದೆಯ 47ನೇ ವಿಧಿಯಂತೆ ಇಲ್ಲಿ ಮತ್ತೆ ನೋಂದಣಿ ಮಾಡಿಸಿ ತೆರಿಗೆ ಕಟ್ಟಬೇಕು. ಅಲ್ಲಿಯ ತೆರಿಗೆ ವಾಪಸು ಪಡೆಯುವ ಓಡಾಟ ಬೇರೆ.

ಡೆಲಿವರಿ ದಿನ ಹಗಲಿನಲ್ಲೇ ಹೋಗಿ. ಛಾಸಿ ನಂಬರ್ ಬಿಲ್ಲಿನದ್ದೇ ಹೌದೇ, ತಯಾರಾದ ತಿಂಗಳು ಹೇಳಿದ್ದೇ ಇದೆಯೇ, ಎರಡನೆಯ ಕೀ ಕೊಟ್ಟರೇ ನೋಡಿಕೊಳ್ಳಿ. ಪಾಲಿಸಿಯ ಮೌಲ್ಯವನ್ನೂ ಅಲ್ಲೇ ಓದಿ. ಪ್ರೀಮಿಯಂ ಕಡಿಮೆ ತೋರಿಸಲು ಅದನ್ನು ಇಳಿಸಿದ್ದರೆ ತಿದ್ದಿಸಿ, ಆಮೇಲೆ ನಮ್ಮ ಹಿಮಾಯತ್‌ನಗರದ ಬಾಲಾಜಿ ಗುಡಿಗೆ ಪೂಜೆಗೆ ತನ್ನಿ.